ಕಿಸೆಯ ಮ್ಯೂಸಿಕ್ ಪ್ಲೇಯರ್ ಕೆಟ್ಟಾಗ: ಲಕ್ಷಣ ನೋಡಿ ದೋಷ ಹುಡುಕುವ ಕ್ರಮ

ಮುಂಬಯಿಯ ಕನ್ನಡಿಗರ ಮನೆಗಳಲ್ಲಿ, ಅದರಲ್ಲೂ ಡೊಂಬಿವಲಿ, ಮುಲುಂಡ್, ಮೀರಾ ರೋಡ್ ಕಡೆಯಿಂದ ವರ್ಷಗಟ್ಟಲೆ ಲೋಕಲ್ ಟ್ರೇನಿನಲ್ಲಿ ಓಡಾಡಿದವರ ಮನೆಗಳಲ್ಲಿ, ಕಪಾಟಿನ ಯಾವುದೋ ಖಾನೆಯಲ್ಲಿ ಹಳೆಯ ಮ್ಯೂಸಿಕ್ ಪ್ಲೇಯರ್ ಒಂದು ಸಿಗುವುದು ಅಪರೂಪವಲ್ಲ. ಅದರಲ್ಲಿ ಸಿನಿಮಾ ಹಾಡುಗಳಷ್ಟೇ ಇದ್ದಿದ್ದರೆ ಕೆಟ್ಟಿತೆಂದು ಬಿಟ್ಟುಬಿಡಬಹುದಿತ್ತು. ಆದರೆ ಊರಿನಿಂದ ತಂದ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ತಾಳಮದ್ದಳೆ, ಮನೆಯ ಹಿರಿಯರು ಹಾಡಿದ ಭಜನೆ, ಈಗ ಇಲ್ಲದವರ ಧ್ವನಿ, ಇವು ಬೇರೆಲ್ಲೂ ಉಳಿದಿರುವುದಿಲ್ಲ. ಹೊಸದನ್ನು ಕೊಳ್ಳುವುದೂ ಎಲ್ಲ ಸಲ ಸಾಧ್ಯವಿಲ್ಲ. 2001ರಲ್ಲಿ ಬಂದ, ಆ್ಯಪಲ್ ಕಂಪನಿಯ ಐಪಾಡ್ ಎಂಬ ಪ್ಲೇಯರುಗಳ ಸಾಲಿನಲ್ಲಿ ಹಾರ್ಡ್ ಡಿಸ್ಕ್ ಇರುವ ಕ್ಲಾಸಿಕ್ ಮಾದರಿಯ ಮಾರಾಟ 2014ರಲ್ಲಿ ನಿಂತಿತು. 2022ರಲ್ಲಿ ಇಡೀ ಸಾಲನ್ನೇ ನಿಲ್ಲಿಸಲಾಯಿತು. ಬ್ಯಾಟರಿ, ರಿಬ್ಬನ್ ತಂತಿ (ಒಳಭಾಗಗಳನ್ನು ಜೋಡಿಸುವ ತೆಳು ಪಟ್ಟಿ), ಇಯರ್‌ಫೋನ್ ಜ್ಯಾಕ್ ಮುಂತಾದ ಭಾಗಗಳು ಮಾತ್ರ ಇಂದಿಗೂ ದೊರೆಯುತ್ತವೆ.

ನೆರೆಹೊರೆಯವರ ಪ್ಲೇಯರುಗಳನ್ನು ಬಿಚ್ಚಿ ಸರಿಪಡಿಸುತ್ತಾ ಬಂದ ಅನುಭವದಿಂದ ಎರಡು ನಿಯಮಗಳನ್ನು ಮೊದಲೇ ಹೇಳುತ್ತೇನೆ. ಒಳಗಿರುವ ಧ್ವನಿಮುದ್ರಣಗಳ ಪ್ರತಿ ಬೇರೆಡೆ ಇಲ್ಲದಿದ್ದರೆ, ಅದನ್ನು ಮಾಡಿಕೊಳ್ಳುವವರೆಗೆ ಒಳಗಿರುವುದನ್ನೆಲ್ಲ ಅಳಿಸುವ ‘ರಿಸ್ಟೋರ್’ ಅಥವಾ ‘ಫಾರ್ಮ್ಯಾಟ್’ ಎಂಬ ಗುಂಡಿಯನ್ನು ಯಾವ ಕಾರಣಕ್ಕೂ ಒತ್ತಬಾರದು. ಹಾಗೆಯೇ, ಬಾಹ್ಯ ಪರೀಕ್ಷೆಗಳೆಲ್ಲ ಮುಗಿಯುವವರೆಗೆ ಹೊದಿಕೆಯನ್ನು ಬಿಚ್ಚಬಾರದು.

ಯಾವ ಪರೀಕ್ಷೆಗೂ ಮೊದಲು: ಬ್ಯಾಟರಿ ಉಬ್ಬಿದೆಯೇ

ಪ್ಲೇಯರನ್ನು ಚಾರ್ಜರಿಗೆ ಹಾಕುವ ಮೊದಲು ಸಮತಟ್ಟಾದ ಮೇಜಿನ ಮೇಲಿಟ್ಟು, ಬೆರಳಿನಿಂದ ಮೂಲೆಗಳನ್ನು ಮೆಲ್ಲಗೆ ಒತ್ತಿ ನೋಡಬೇಕು. ಹಿಂಬದಿ ಉಬ್ಬಿ ಪ್ಲೇಯರ್ ತೊಟ್ಟಿಲಿನಂತೆ ಅಲುಗಿದರೆ, ಹೊದಿಕೆಯ ಸಂದು ಒಂದು ಬದಿಯಲ್ಲಿ ಬಾಯ್ದೆರೆದಿದ್ದರೆ, ಪರದೆಯ ಮೇಲೆ ಒಳಗಿನಿಂದ ಒತ್ತಿದಂಥ ಮಚ್ಚೆ ಮೂಡಿದ್ದರೆ ಅಥವಾ ನೇಲ್ ಪಾಲಿಶ್ ಹೋಲುವ ವಾಸನೆ ಬರುತ್ತಿದ್ದರೆ, ಒಳಗಿನ ಲಿಥಿಯಂ ಬ್ಯಾಟರಿ ಕೆಟ್ಟಿದೆ ಎಂದರ್ಥ. ಇಂಥ ಪ್ಲೇಯರನ್ನು ಒಮ್ಮೆಯೂ ಚಾರ್ಜ್ ಮಾಡಬಾರದು, ಉಬ್ಬಿದ ಭಾಗವನ್ನು ಒತ್ತಿ ಸಮ ಮಾಡಲು ಹೋಗಬಾರದು, ಸೂಜಿಯಿಂದ ಚುಚ್ಚಿ ಗಾಳಿ ಬಿಡುವ ಯೋಚನೆಯನ್ನಂತೂ ಮಾಡಲೇಬಾರದು. ಒಳಗಿನ ಪದರಗಳು ಒಂದಕ್ಕೊಂದು ತಾಗಿದರೆ ಕ್ಷಣಾರ್ಧದಲ್ಲಿ ಬೆಂಕಿ ಹತ್ತುತ್ತದೆ.

ಒಣ ಮರಳು ತುಂಬಿದ ಮಣ್ಣಿನ ಕುಂಡದಲ್ಲಿ ಅದನ್ನು ಇಟ್ಟು, ಪರದೆ, ಹಾಸಿಗೆ, ಅಡುಗೆ ಅನಿಲದಿಂದ ದೂರದ ಬಾಲ್ಕನಿಯಲ್ಲಿ, ಮಳೆ ತಾಗದ ಕಡೆ ಇರಿಸಿ, ಲಿಥಿಯಂ ಬ್ಯಾಟರಿಯ ಕೆಲಸ ಬಲ್ಲವರಿಗೆ ಮುಂಚಿತವಾಗಿ ತಿಳಿಸಿ ಒಯ್ಯಬೇಕು. ತುಂಬಿದ ಲೋಕಲ್ ಟ್ರೇನಿನ ನೂಕುನುಗ್ಗಲಿನಲ್ಲಿ ಕಿಸೆಯಲ್ಲಿಟ್ಟು ಒಯ್ಯುವುದು ನಿಮಗೂ ಸಹಪ್ರಯಾಣಿಕರಿಗೂ ಅಪಾಯ. ಹೊಗೆ ಕಾಣಿಸಿಕೊಂಡರೆ ಅದನ್ನು ಉಸಿರಾಡದೆ ದೂರ ಸರಿದು, ಮನೆಯವರನ್ನು ಹೊರಗೆ ಕಳುಹಿಸಿ, ಅಗ್ನಿಶಾಮಕ ದಳದ 101ಕ್ಕೆ ಕರೆ ಮಾಡಿರಿ. ಹಳೆಯ ಬ್ಯಾಟರಿಯನ್ನು ಮನೆಯ ಕಸದ ಬುಟ್ಟಿಗೆ ಹಾಕಬಾರದು, ಏಕೆಂದರೆ ಕಸದ ಲಾರಿಯಲ್ಲಿ ಕಸವನ್ನು ಅದುಮುವಾಗ ಅದು ಒಡೆದು ಹೊತ್ತಿಕೊಳ್ಳಬಲ್ಲದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರವೂ ಅದನ್ನು ಮನೆಯ ಕಸದಿಂದ ಬೇರೆಯಾಗಿಯೇ ಒಪ್ಪಿಸಬೇಕು.

ಪ್ಲೇಯರ್ ಆನ್ ಆಗುವುದೇ ಇಲ್ಲ

ಮೊದಲು ನೋಡಬೇಕಾದದ್ದು ಹೋಲ್ಡ್ ಸ್ವಿಚ್ಚು. ಐಪಾಡಿನ ಮೇಲಂಚಿನ ಸ್ವಿಚ್ಚಿನ ಬಳಿ ಕಿತ್ತಳೆ ಬಣ್ಣ ಕಾಣುತ್ತಿದ್ದರೆ ಗುಂಡಿಗಳಿಗೆ ಬೀಗ ಬಿದ್ದಿದೆ ಎಂದರ್ಥ. ‘ಸತ್ತುಹೋಗಿದೆ’ ಎಂದು ನನ್ನ ಕೈಗೆ ಬಂದ ಕೆಲವು ಪ್ಲೇಯರುಗಳಿಗೆ ಬೇಕಾಗಿದ್ದುದು ಈ ಸ್ವಿಚ್ಚನ್ನು ಸರಿಸುವುದಷ್ಟೇ.

ಅದಾದ ಮೇಲೆ ಕೇಬಲ್ ಮತ್ತು ಚಾರ್ಜರನ್ನು ಪರೀಕ್ಷಿಸಬೇಕು. ಅದೇ ಕೇಬಲ್ಲಿನಿಂದ ಬೇರೆ ಸಾಧನ ಚಾರ್ಜ್ ಆಗುತ್ತದೆಯೇ ಎಂದು ನೋಡಿ, ಪ್ಲೇಯರಿನ ಚಾರ್ಜಿಂಗ್ ತೂತಿನೊಳಗೆ ಟಾರ್ಚ್ ಬಿಟ್ಟು ನೂಲಿನ ಎಳೆ, ಧೂಳು, ಕಿಲುಬು ಇದೆಯೇ ಎಂದು ಗಮನಿಸಬೇಕು. ಕಡಲಂಚಿನ ಊರಾದ ಮುಂಬಯಿಯ ಗಾಳಿಯಲ್ಲಿ ಉಪ್ಪೂ ತೇವವೂ ಇರುವುದರಿಂದ ವರ್ಷಗಳ ಕಾಲ ಮುಟ್ಟದೆ ಇಟ್ಟ ಪ್ಲೇಯರಿನ ತೂತಿನಲ್ಲಿ ಹಸಿರು ಅಥವಾ ಬಿಳಿ ಪುಡಿಯಂಥ ಪದರ ಕಾಣಿಸುವುದುಂಟು. ಮೃದುವಾದ ಒಣ ಬ್ರಶ್ಶಿನಿಂದ ಅದನ್ನು ಉಜ್ಜಿ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲ್ (ಬೇಗ ಆವಿಯಾಗುವ, ಶುಚಿಗೊಳಿಸುವ ದ್ರವ) ಸೋಕಿಸಿದ ಅದೇ ಬ್ರಶ್ಶನ್ನು ಒಮ್ಮೆ ಆಡಿಸಿ, ಪೂರ್ತಿ ಒಣಗಲು ಬಿಡಬೇಕು.

ಬಹಳ ಕಾಲ ಬಳಸದೆ ಇಟ್ಟ ಬ್ಯಾಟರಿ ಪೂರ್ತಿ ಬರಿದಾಗಿದ್ದರೆ, ಚಾರ್ಜರಿಗೆ ಹಾಕಿದ ಮೇಲೂ ಅರ್ಧ ಗಂಟೆಯವರೆಗೆ ಪರದೆ ಕಪ್ಪಾಗಿಯೇ ಇರಬಹುದು. ಆದ್ದರಿಂದ ಐದು ನಿಮಿಷಕ್ಕೇ ನಿರಾಶರಾಗಬಾರದು. ಆದರೆ ಆ ಹೊತ್ತಿನಲ್ಲಿ ಪ್ಲೇಯರನ್ನು ಒಂಟಿಯಾಗಿ ಬಿಟ್ಟು ಹೋಗಲೂಬಾರದು. ಹತ್ತಿರವೇ ಕುಳಿತು ಆಗಾಗ ಮುಟ್ಟಿ ನೋಡಿ, ಕೈಗೆ ಬಿಸಿ ತಾಕುವಷ್ಟಾದರೆ ತಕ್ಷಣ ಕೇಬಲ್ ಕಿತ್ತುಬಿಡಬೇಕು.

ಪರದೆ ಹತ್ತಿದರೂ ಯಾವುದೋ ಒಂದು ಚಿತ್ರದಲ್ಲಿ ನಿಂತುಬಿಟ್ಟಿದ್ದರೆ ಅದು ಬ್ಯಾಟರಿಯ ದೋಷವಲ್ಲ, ತಂತ್ರಾಂಶ ಸಿಕ್ಕಿಕೊಂಡ ಲಕ್ಷಣ. ಚಕ್ರವಿರುವ ಐಪಾಡುಗಳಲ್ಲಿ ಹೋಲ್ಡ್ ಸ್ವಿಚ್ಚನ್ನು ಒಮ್ಮೆ ಹಾಕಿ ತೆಗೆದು, ‘ಮೆನು’ ಮತ್ತು ನಡುವಿನ ಗುಂಡಿಯನ್ನು ಏಕಕಾಲಕ್ಕೆ ಆರರಿಂದ ಎಂಟು ಸೆಕೆಂಡು ಒತ್ತಿ ಹಿಡಿದರೆ ಅದು ಮರಳಿ ಆರಂಭವಾಗುತ್ತದೆ. ಇದರಿಂದ ಹಾಡುಗಳು ಅಳಿಯುವುದಿಲ್ಲ.

ಇಷ್ಟಾದರೂ ಜೀವ ಬರದಿದ್ದರೆ ಹೊದಿಕೆ ಬಿಚ್ಚಿ, ವೋಲ್ಟೇಜು ಅಳೆಯುವ ಮಲ್ಟಿಮೀಟರಿನಿಂದ ಬ್ಯಾಟರಿಯನ್ನು ಅಳೆಯಬೇಕಾಗುತ್ತದೆ. ಒಂದೇ ಲಿಥಿಯಂ ಸೆಲ್ ಇರುವ ಸಾಮಾನ್ಯ ಬ್ಯಾಟರಿಯ ಹೆಸರಿನ ವೋಲ್ಟೇಜು 3.7, ಪೂರ್ತಿ ಚಾರ್ಜಾದಾಗ 4.2. ಚಾರ್ಜರಿಗೆ ಹಾಕಿ ತೆಗೆದ ಮೇಲೂ ಮೀಟರು 2.5 ವೋಲ್ಟಿಗಿಂತ ಕಡಿಮೆ ತೋರಿಸಿದರೆ ಆ ಬ್ಯಾಟರಿಯನ್ನು ಮತ್ತೆ ಬದುಕಿಸುವ ಪ್ರಯತ್ನ ಬೇಡ. ಅಷ್ಟು ಕೆಳಗಿಳಿದ ಸೆಲ್ಲಿನಲ್ಲಿ ಒಳಗಿನ ತಾಮ್ರದ ಹಾಳೆ ಕರಗಲು ತೊಡಗಿರುತ್ತದೆ; ಮತ್ತೆ ಚಾರ್ಜ್ ಮಾಡುವಾಗ ಆ ತಾಮ್ರ ಬೇರೆಡೆ ಕೂತು ಒಳಗೇ ಶಾರ್ಟ್ ಆಗುವ ಅಪಾಯವಿದೆ. ಬೇರೆ ಚಾರ್ಜರಿನ ತಂತಿಗಳನ್ನು ನೇರವಾಗಿ ಸೆಲ್ಲಿಗೆ ತಾಗಿಸಿ ‘ಶಾಕ್ ಕೊಡುವ’ ಪದ್ಧತಿ ಕೆಲವು ಕಡೆ ರೂಢಿಯಲ್ಲಿದೆ. ಅದನ್ನು ಯಾರು ಹೇಳಿದರೂ ಮಾಡಬೇಡಿ.

ಅರ್ಧ ಚಾರ್ಜ್ ತೋರಿಸುತ್ತಲೇ ಹಠಾತ್ತನೆ ಆರಿಹೋಗುತ್ತದೆ

ಈ ಲಕ್ಷಣ ಹಾರ್ಡ್ ಡಿಸ್ಕ್ ಇರುವ ಪ್ಲೇಯರುಗಳಲ್ಲಿ ಹೆಚ್ಚು, ಮತ್ತು ಇದರಲ್ಲೇ ಜನ ಹೆಚ್ಚು ಮೋಸಹೋಗುತ್ತಾರೆ. ಇಂಥ ಪ್ಲೇಯರ್ ಹಾಡನ್ನು ನಿರಂತರವಾಗಿ ಡಿಸ್ಕಿನಿಂದ ಓದುವುದಿಲ್ಲ. ಕೆಲವು ಹಾಡುಗಳನ್ನು ಒಟ್ಟಿಗೆ ತನ್ನ ಸ್ಮೃತಿಗೆ ತುಂಬಿಕೊಂಡು ಡಿಸ್ಕನ್ನು ನಿಲ್ಲಿಸುತ್ತದೆ. ಅವು ಮುಗಿಯುತ್ತ ಬಂದಾಗ ಮತ್ತೆ ಡಿಸ್ಕನ್ನು ತಿರುಗಿಸುತ್ತದೆ. ನಿಂತಿದ್ದ ಡಿಸ್ಕನ್ನು ತಿರುಗಿಸಲು ಆ ಒಂದು ಕ್ಷಣಕ್ಕೆ ಹೆಚ್ಚು ವಿದ್ಯುತ್ತು ಬೇಕು. ಮುದಿ ಬ್ಯಾಟರಿ ವಿಶ್ರಾಂತಿಯಲ್ಲಿದ್ದಾಗ ಸರಿಯಾದ ವೋಲ್ಟೇಜು ತೋರಿಸಿದರೂ, ಈ ಎಳೆತಕ್ಕೆ ಕುಸಿದು ಪ್ಲೇಯರನ್ನು ಆರಿಸಿಬಿಡುತ್ತದೆ. ಹಾಗಾಗಿ ಮೊದಲ ಹಾಡುಗಳು ಸರಾಗವಾಗಿ ನಡೆದು, ಡಿಸ್ಕ್ ಎದ್ದ ಸದ್ದು ಕೇಳಿಸಿದೊಡನೆ ಪರದೆ ಆರಿದರೆ ಸಂಶಯ ಮೊದಲು ಬ್ಯಾಟರಿಯ ಮೇಲೆ ಹೋಗಬೇಕು.

ಖಚಿತಪಡಿಸಿಕೊಳ್ಳುವ ಉಪಾಯ ಸುಲಭವಾದದ್ದು, ಖರ್ಚಿಲ್ಲದ್ದು. ಕಂಪ್ಯೂಟರಿಗಲ್ಲದೆ ಗೋಡೆಯ ಚಾರ್ಜರಿಗೆ ಸಿಕ್ಕಿಸಿಟ್ಟು ಒಂದು ಗಂಟೆ ಹಾಡಿಸಿ. ಆಗ ಆರದೆ ನಡೆದರೆ ಬ್ಯಾಟರಿ ಬದಲಿಸಿದರೆ ಸಾಕು. ಚಾರ್ಜರ್ ಇದ್ದೂ ಅದೇ ಹೊತ್ತಿಗೆ ತಡವರಿಸಿದರೆ ಡಿಸ್ಕನ್ನು ನೋಡಬೇಕು. ಈ ಒಂದು ಪರೀಕ್ಷೆ ಮಾಡದೆ ಡಿಸ್ಕನ್ನೇ ಬದಲಿಸಿ, ಧ್ವನಿಮುದ್ರಣಗಳನ್ನು ಕಳೆದುಕೊಂಡು, ಕೊನೆಗೂ ಪ್ಲೇಯರ್ ಆರುವುದು ನಿಲ್ಲದೆ ಬೇಸರಪಟ್ಟವರನ್ನು ನಾನು ಕಂಡಿದ್ದೇನೆ.

ಹೊಸ ಬ್ಯಾಟರಿ ಕೊಳ್ಳುವಾಗ ಮಾದರಿಯ ಜೊತೆಗೆ ದಪ್ಪವನ್ನೂ ಹೇಳಿ ಕೇಳಬೇಕು. ಒಂದೇ ಹೆಸರಿನ ಪ್ಲೇಯರಿನಲ್ಲಿಯೂ ಕಡಿಮೆ ಸಾಮರ್ಥ್ಯದ್ದು ತೆಳುವಾಗಿ, ಹೆಚ್ಚು ಸಾಮರ್ಥ್ಯದ್ದು ದಪ್ಪವಾಗಿ ಇರುತ್ತದೆ. ತೆಳು ಹೊದಿಕೆಯೊಳಗೆ ದಪ್ಪ ಬ್ಯಾಟರಿಯನ್ನು ಅದುಮಿ ಕೂರಿಸುವುದು ಉಬ್ಬಿದ ಬ್ಯಾಟರಿಯಷ್ಟೇ ಅಪಾಯಕರ. ತಂತಿಯಿರುವ ಬ್ಯಾಟರಿಯಾದರೆ ಹಳೆಯದರ ಕೆಂಪು, ಕಪ್ಪು ತಂತಿಗಳು ಪ್ಲಗ್ಗಿನ ಯಾವ ಬದಿಯಲ್ಲಿವೆಯೋ ಹೊಸದರಲ್ಲಿಯೂ ಅದೇ ಬದಿಯಲ್ಲಿವೆಯೇ ಎಂದು ಪಕ್ಕಪಕ್ಕ ಇಟ್ಟು ಹೋಲಿಸಿ ನೋಡಬೇಕು.

ಒಂದೇ ಕಿವಿಯಲ್ಲಿ ಕೇಳಿಸುತ್ತದೆ, ಅಥವಾ ಹಾಡುವವರ ಧ್ವನಿಯೇ ಮಾಯವಾಗಿದೆ

ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಅತ್ಯಂತ ಅಗ್ಗದ ದೋಷ ಇಲ್ಲಿ ಅತ್ಯಂತ ದೊಡ್ಡ ನಷ್ಟದಂತೆ ಕಾಣಿಸುತ್ತದೆ. ನಮ್ಮ ಕಟ್ಟಡದ ಹಿರಿಯರೊಬ್ಬರು ಒಂದು ಸಂಜೆ ತಮ್ಮ ಪ್ಲೇಯರ್ ಹಿಡಿದುಕೊಂಡು ಬಂದು, ‘ಸಿನಿಮಾ ಹಾಡುಗಳಲ್ಲಿ ವಾದ್ಯ ಮಾತ್ರ ಕೇಳಿಸುತ್ತದೆ, ನಮ್ಮ ತಾಳಮದ್ದಳೆಯೆಲ್ಲ ಅಳಿಸಿಹೋಗಿದೆ, ನೋಡಿ’ ಎಂದರು. ಅವರ ಕೈ ನಡುಗುತ್ತಿತ್ತು. ಅದರಲ್ಲಿ ಅವರ ಅಣ್ಣನವರು ಅರ್ಥ ಹೇಳಿದ ಪ್ರಸಂಗಗಳಿದ್ದವು. ಏನೂ ಅಳಿಸಿಹೋಗಿರಲಿಲ್ಲ.

ಇಯರ್‌ಫೋನಿನ 3.5 ಮಿಲಿಮೀಟರ್ ಪಿನ್ನನ್ನು ಗಮನಿಸಿದರೆ ಮೂರು ಲೋಹದ ಭಾಗಗಳು ಕಾಣುತ್ತವೆ: ತುದಿಯದು ಎಡಗಿವಿಗೆ, ನಡುವಿನದು ಬಲಗಿವಿಗೆ, ಬುಡದ್ದು ಎರಡಕ್ಕೂ ಸಾಮಾನ್ಯವಾದ ಹಿಂದಿರುಗುವ ದಾರಿ. ಈ ಬುಡದ ಸಂಪರ್ಕ ತಪ್ಪಿದರೆ ಎಡ ಮತ್ತು ಬಲ ಧ್ವನಿಗಳ ನಡುವಿನ ವ್ಯತ್ಯಾಸ ಮಾತ್ರ ಕಿವಿಗೆ ತಲುಪುತ್ತದೆ. ಎರಡರಲ್ಲೂ ಸಮನಾಗಿರುವುದೆಲ್ಲ ಒಂದನ್ನೊಂದು ಅಳಿಸಿಕೊಳ್ಳುತ್ತದೆ. ಸಿನಿಮಾ ಹಾಡುಗಳಲ್ಲಿ ಗಾಯಕರ ಧ್ವನಿಯನ್ನು ಸಾಮಾನ್ಯವಾಗಿ ಎರಡೂ ಬದಿಗೆ ಸಮನಾಗಿ ಇಟ್ಟಿರುವುದರಿಂದ ಅದು ಮಾಯವಾಗಿ, ಬದಿಗಳಲ್ಲಿ ಹಂಚಿದ ವಾದ್ಯಗಳು ಉಳಿಯುತ್ತವೆ. ಒಂದೇ ಮೈಕಿನಿಂದ ಹಿಡಿದ ಹಳೆಯ ತಾಳಮದ್ದಳೆಯಲ್ಲಿ ಎರಡೂ ಬದಿ ಒಂದೇ ಆಗಿರುವುದರಿಂದ ಹೆಚ್ಚುಕಡಿಮೆ ಏನೂ ಕೇಳಿಸುವುದಿಲ್ಲ. ಹಾಡು ಓಡುವ ಗಡಿಯಾರ ಪರದೆಯ ಮೇಲೆ ಚಲಿಸುತ್ತಿದ್ದು ಕಿವಿಗೆ ಮಾತ್ರ ಏನೂ ಬಾರದಿದ್ದರೆ, ಅಳಿಸಿಹೋಯಿತೆಂದು ಎದೆಗುಂದುವ ಮೊದಲು ಪಿನ್ನನ್ನು ನೋಡಬೇಕು.

ಅವರ ಪ್ಲೇಯರಿನಲ್ಲಿ ಆಗಿದ್ದುದು ಇಷ್ಟೇ: ವರ್ಷಗಳ ಕಾಲ ಅಂಗಿಯ ಕಿಸೆಯಲ್ಲಿದ್ದ ಕಾರಣ ಜ್ಯಾಕಿನ ತಳದಲ್ಲಿ ನೂಲಿನ ಜುಂಗು ಗಟ್ಟಿಯಾಗಿ ಕೂತಿತ್ತು, ಪಿನ್ನು ಪೂರ್ತಿ ಒಳಗೆ ಹೋಗುತ್ತಿರಲಿಲ್ಲ. ಪ್ಲೇಯರನ್ನು ಆರಿಸಿ, ಜ್ಯಾಕಿನ ಬಾಯಿ ಕೆಳಮುಖವಾಗುವಂತೆ ಹಿಡಿದು, ಮರದ ಹಲ್ಲುಕಡ್ಡಿಯಿಂದ ಅಂಚಿನಿಂದ ಅಂಚಿಗೆ ಮೆಲ್ಲಗೆ ಕೆದಕಿದಾಗ ಹೆಸರುಕಾಳಿನಷ್ಟು ಜುಂಗು ಉದುರಿತು. ಇದಕ್ಕೆ ಸೇಫ್ಟಿ ಪಿನ್ನು, ಸೂಜಿ ಬಳಸಬಾರದು. ಒಳಗಿನ ಸ್ಪ್ರಿಂಗಿನ ನಾಲಗೆಗಳು ಬಾಗಿದರೆ ಜ್ಯಾಕನ್ನೇ ಬದಲಿಸಬೇಕಾಗುತ್ತದೆ. ಬಾಯಿಂದ ಊದಿದರೆ ತೇವ ಒಳಗೆ ಹೋಗುತ್ತದೆ, ಅದೂ ಬೇಡ.

ಜ್ಯಾಕ್ ಸ್ವಚ್ಛವಾಗಿದ್ದೂ ತೊಂದರೆ ಉಳಿದರೆ ಬೇರೆ ಇಯರ್‌ಫೋನನ್ನು ಹಾಕಿ ನೋಡಿ. ಮೈಕ್ ಇರುವ ಮೊಬೈಲ್ ಇಯರ್‌ಫೋನಿನ ಪಿನ್ನಿನಲ್ಲಿ ನಾಲ್ಕು ಭಾಗಗಳಿರುವುದರಿಂದ ಕೆಲವು ಹಳೆಯ ಪ್ಲೇಯರುಗಳಲ್ಲಿ ಅದು ಸರಿಯಾಗಿ ಕೂರುವುದಿಲ್ಲ. ಪರೀಕ್ಷೆಗೆ ಮೂರು ಭಾಗದ ಪಿನ್ನೇ ಇರಲಿ. ಪಿನ್ನನ್ನು ಮೆಲ್ಲಗೆ ತಿರುಗಿಸಿದಾಗ ಧ್ವನಿ ಬಂದು ಹೋಗುತ್ತಿದ್ದು, ಬೇರೆ ಇಯರ್‌ಫೋನಿನಲ್ಲಿಯೂ ಹಾಗೆಯೇ ಆದರೆ ಜ್ಯಾಕಿನ ಬೆಸುಗೆ ಬಿಟ್ಟಿದೆ ಅಥವಾ ನಾಲಗೆಗಳು ಸಡಿಲವಾಗಿವೆ. ತಳದಲ್ಲಿ ಅಗಲವಾದ ಕನೆಕ್ಟರ್ ಇರುವ ಐಪಾಡಾದರೆ ಡಾಕ್ (ಪ್ಲೇಯರನ್ನು ಕೂರಿಸುವ ಪೀಠ) ಮೂಲಕ ಸ್ಪೀಕರಿಗೆ ಜೋಡಿಸಿ ಕೇಳಬಹುದು. ಅಲ್ಲಿ ಧ್ವನಿ ಸರಿಯಾಗಿದ್ದರೆ ಕೆಟ್ಟಿರುವುದು ಜ್ಯಾಕ್ ಅಥವಾ ಅದರ ರಿಬ್ಬನ್ ತಂತಿ, ಮುಖ್ಯ ಬೋರ್ಡಿಗೆ ತೊಂದರೆಯಿಲ್ಲ.

ಹಾಡು ಹಾರುತ್ತದೆ, ನಿಲ್ಲುತ್ತದೆ, ಒಳಗಿನಿಂದ ಟಿಕ್ ಟಿಕ್ ಸದ್ದು ಬರುತ್ತದೆ

ಯಾವಾಗಲೂ ಒಂದೇ ಹಾಡು ಒಂದೇ ಜಾಗದಲ್ಲಿ ನಿಂತರೆ ಮೊದಲ ಸಂಶಯ ಆ ಕಡತದ ಮೇಲೆ. ಕಂಪ್ಯೂಟರಿನಲ್ಲಿರುವ ಮೂಲದಿಂದ ಅದನ್ನು ಮತ್ತೆ ಹಾಕಿದರೆ ಸರಿಹೋಗಬಹುದು. ಬೇರೆ ಬೇರೆ ಹಾಡುಗಳು ಅಲ್ಲಲ್ಲಿ ಹಾರಿದರೆ ಡಿಸ್ಕಿನ ಮೇಲ್ಮೈ ಸವೆದಿರುವ ಸಾಧ್ಯತೆಯಿದೆ. 1.8 ಇಂಚಿನ ಆ ಡಿಸ್ಕ್ ಹಲವು ಮಾದರಿಗಳಲ್ಲಿ ನಿಮಿಷಕ್ಕೆ 4200 ಸುತ್ತು ತಿರುಗುತ್ತದೆ. ತಿರುಗುವಾಗ ಬಿದ್ದ ಪೆಟ್ಟು ಅದಕ್ಕೆ ಬಹಳ ಕಾಲ ನೆನಪಿರುತ್ತದೆ. ತಾಳ ತಪ್ಪದ ಟಿಕ್ ಟಿಕ್ ಸದ್ದು, ದುಃಖದ ಮುಖದ ಚಿತ್ರ, ಆರಂಭದಲ್ಲೇ ನಿಂತುಬಿಡುವುದು, ಇವು ಓದುವ ಹೆಡ್ಡು ಸೋಲುತ್ತಿರುವ ಲಕ್ಷಣಗಳು. ಮೇಜಿಗೆ ಕುಟ್ಟಿದರೆ ಸರಿಹೋಗುತ್ತದೆ ಎಂಬ ಮಾತನ್ನು ನಂಬಬೇಡಿ. ಒಮ್ಮೆ ಓಡಿದರೂ ಉಳಿದ ಮೇಲ್ಮೈಯನ್ನು ಗೀಚಿಕೊಂಡೇ ಓಡುತ್ತದೆ.

ಈ ಹಂತದಲ್ಲಿ ದುರಸ್ತಿಗಿಂತ ಪ್ರತಿ ಮಾಡಿಕೊಳ್ಳುವುದೇ ಮುಖ್ಯ. ಐಪಾಡನ್ನು ಮೇಲೆ ಹೇಳಿದಂತೆ ಮರಳಿ ಆರಂಭಿಸಿ, ಆ್ಯಪಲ್ ಗುರುತು ಕಾಣಿಸಿದೊಡನೆ ನಡುವಿನ ಗುಂಡಿ ಮತ್ತು ‘ಪ್ಲೇ’ ಗುಂಡಿಯನ್ನು ಒತ್ತಿ ಹಿಡಿದರೆ ಡಿಸ್ಕ್ ಮೋಡ್ ಬರುತ್ತದೆ. ಆಗ ಕಂಪ್ಯೂಟರಿಗೆ ಜೋಡಿಸಿದರೆ ಅದು ಸಾಮಾನ್ಯ ಡ್ರೈವಿನಂತೆ ಕಾಣಿಸಬೇಕು. ಮರೆಯಾಗಿರುವ ಕಡತಗಳನ್ನು ತೋರಿಸುವ ಆಯ್ಕೆಯನ್ನು ಹಾಕಿದರೆ ‘ಐಪಾಡ್ ಕಂಟ್ರೋಲ್’ ಎಂಬ ಫೋಲ್ಡರು, ಅದರೊಳಗೆ ‘ಮ್ಯೂಸಿಕ್’ ಕಾಣುತ್ತದೆ. ಕಡತಗಳಿಗೆ ಅರ್ಥವಿಲ್ಲದ ನಾಲ್ಕಕ್ಷರದ ಹೆಸರುಗಳಿರುತ್ತವೆ. ಹೆದರಬೇಕಿಲ್ಲ, ಹಾಡಿನ ನಿಜವಾದ ಹೆಸರು ಕಡತದೊಳಗೇ ಉಳಿದಿರುತ್ತದೆ. ಬೇರೆಲ್ಲೂ ಸಿಗದ ಧ್ವನಿಮುದ್ರಣಗಳನ್ನು ಮೊದಲು, ಸಿನಿಮಾ ಹಾಡುಗಳನ್ನು ಕೊನೆಗೆ ಪ್ರತಿ ಮಾಡಿ, ಏಕೆಂದರೆ ಸೋಲುತ್ತಿರುವ ಡಿಸ್ಕ್ ಇನ್ನೆಷ್ಟು ಹೊತ್ತು ಓಡೀತೆಂದು ಹೇಳಲಾಗದು. ನಡುವೆ ಕಂಪ್ಯೂಟರ್ ‘ಫಾರ್ಮ್ಯಾಟ್ ಮಾಡಬೇಕೇ’ ಎಂದು ಕೇಳಿದರೆ ಬೇಡವೆನ್ನಿ. ಡ್ರೈವೇ ಕಾಣಿಸದೆ ಟಿಕ್ ಟಿಕ್ ಮಾತ್ರ ಕೇಳಿಸುತ್ತಿದ್ದು, ಒಳಗಿನ ಧ್ವನಿ ನಿಮಗೆ ಅಮೂಲ್ಯವಾಗಿದ್ದರೆ ಅಲ್ಲಿಗೇ ನಿಲ್ಲಿಸಿ, ಮಾಹಿತಿ ಮರಳಿ ಪಡೆಯುವ ತಜ್ಞರಿಗೆ ಒಪ್ಪಿಸಬೇಕು. ಮತ್ತೆ ಮತ್ತೆ ಆನ್ ಮಾಡಿ ನೋಡಿದಷ್ಟೂ ಉಳಿದದ್ದು ಕಡಿಮೆಯಾಗುತ್ತದೆ.

ಪ್ರತಿ ಮಾಡಿಕೊಂಡ ಮೇಲೆ ಡಿಸ್ಕಿನ ಸ್ಥಿತಿ ತಿಳಿಯಲು ಇನ್ನೊಂದು ದಾರಿಯಿದೆ. ಮರಳಿ ಆರಂಭಿಸುವಾಗ ನಡುವಿನ ಗುಂಡಿ ಮತ್ತು ಹಿಂದಕ್ಕೆ ಹೋಗುವ ಗುಂಡಿಯನ್ನು ಹಿಡಿದರೆ ಪರೀಕ್ಷಾ ಪಟ್ಟಿ ತೆರೆಯುತ್ತದೆ. ಹಾರ್ಡ್ ಡ್ರೈವಿನ ವಿಭಾಗದಲ್ಲಿ ‘ರೀಅಲಾಕ್ಸ್’ (ಕೆಟ್ಟು ಬದಲಿಸಿದ ಜಾಗಗಳು) ಮತ್ತು ‘ಪೆಂಡಿಂಗ್ ಸೆಕ್ಟರ್ಸ್’ (ಓದಲು ಕಷ್ಟವಾಗಿರುವ ಜಾಗಗಳು) ಎಂಬ ಸಾಲುಗಳ ಮುಂದೆ ದೊಡ್ಡ ಸಂಖ್ಯೆಗಳಿದ್ದು, ವಾರದಿಂದ ವಾರಕ್ಕೆ ಏರುತ್ತಿದ್ದರೆ ಡಿಸ್ಕ್ ಬದಲಿಸುವ ಕಾಲ ಬಂದಿದೆ. ಮತ್ತೆ ಹಳೆಯ ಬಗೆಯ ಡಿಸ್ಕನ್ನೇ ಹಾಕುವುದಕ್ಕಿಂತ, ಮೆಮೊರಿ ಕಾರ್ಡನ್ನು ಕೂರಿಸುವ ಅಡಾಪ್ಟರ್ ಹಾಕುವುದು ಉತ್ತಮವೆಂಬುದು ನನ್ನ ಅಭಿಪ್ರಾಯ. ತಿರುಗುವ ಭಾಗವಿಲ್ಲದ್ದರಿಂದ ಅದಕ್ಕೆ ಟ್ರೇನಿನ ಕುಲುಕಾಟದ ಭಯವಿಲ್ಲ, ಬ್ಯಾಟರಿಯೂ ಹೆಚ್ಚು ಹೊತ್ತು ಬಾಳುತ್ತದೆ.

ಕಂಪ್ಯೂಟರ್ ಗುರುತಿಸುವುದಿಲ್ಲ

ಅಗ್ಗದ ಕೆಲವು ಕೇಬಲ್ಲುಗಳಲ್ಲಿ ವಿದ್ಯುತ್ತಿನ ಎರಡು ತಂತಿಗಳು ಮಾತ್ರ ಇದ್ದು, ಮಾಹಿತಿ ಸಾಗಿಸುವ ಇನ್ನೆರಡು ಇರುವುದಿಲ್ಲ. ಚಾರ್ಜ್ ಆಗುತ್ತಿದ್ದೂ ಗುರುತಿಸದಿದ್ದರೆ ಮೊದಲು ಕೇಬಲ್, ಆಮೇಲೆ ಕಂಪ್ಯೂಟರಿನ ಬೇರೆ ಪೋರ್ಟ್, ಆಮೇಲೆ ಬೇರೆ ಕಂಪ್ಯೂಟರ್, ಈ ಕ್ರಮದಲ್ಲಿ ನೋಡಿದರೆ ಸಾಕು.

ಚಕ್ರ ಅಥವಾ ಗುಂಡಿ ಸ್ಪಂದಿಸುವುದಿಲ್ಲ

ಬೆವರಿನ ಕೈಯಿಂದ ಸ್ಪರ್ಶದ ಚಕ್ರ ತಪ್ಪು ತಿಳಿಯುತ್ತದೆ. ಒಣ ಬಟ್ಟೆಯಿಂದ ಒರೆಸಿ, ಮರಳಿ ಆರಂಭಿಸಿ ನೋಡಿ. ಹೊದಿಕೆ ಬಿಚ್ಚಿದ ನಂತರ ಈ ತೊಂದರೆ ಶುರುವಾಗಿದ್ದರೆ ರಿಬ್ಬನ್ ತಂತಿ ಸರಿಯಾಗಿ ಕೂತಿಲ್ಲವೆಂದೇ ತಿಳಿಯಬೇಕು. ಬಿಡಿ ಸೆಲ್ ಹಾಕುವ ಪ್ಲೇಯರುಗಳಲ್ಲಿ ಸೆಲ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಅದು ಕ್ಷಾರ. ಕೈಗವಸು ಹಾಕಿ, ನಿಂಬೆರಸ ಅಥವಾ ವಿನೆಗರ್ ಸೋಕಿಸಿದ ಹತ್ತಿಕಡ್ಡಿಯಿಂದ ಒರೆಸಿ, ಬಳಿಕ ಆಲ್ಕೊಹಾಲಿನಿಂದ ಶುಚಿಮಾಡಿ.

ಮಳೆಯಲ್ಲಿ ನೆನೆದಿದೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯಲ್ಲಿ ಇದು ಸಾಮಾನ್ಯ. ನೆನೆದ ಪ್ಲೇಯರನ್ನು ‘ಇನ್ನೂ ನಡೆಯುತ್ತದೆಯೇ’ ಎಂದು ಆನ್ ಮಾಡಿ ನೋಡುವುದೇ ಅದನ್ನು ಕೊಲ್ಲುತ್ತದೆ. ನೀರಿನ ಜೊತೆ ವಿದ್ಯುತ್ತು ಹರಿದಾಗ ಬೋರ್ಡಿನ ತಾಮ್ರದ ಗೆರೆಗಳು ತಾಸುಗಳಲ್ಲೇ ಸವೆಯುತ್ತವೆ. ನೀರಷ್ಟೇ ಇದ್ದು ವಿದ್ಯುತ್ತು ಇಲ್ಲದಿದ್ದರೆ ಸಾಕಷ್ಟು ಸಮಯ ಸಿಗುತ್ತದೆ. ಆರಿಸಿ, ಚಾರ್ಜರಿಗೆ ಹಾಕದೆ, ಸಾಧ್ಯವಾದರೆ ಅದೇ ದಿನ ಹೊದಿಕೆ ತೆಗೆದು ಮೊದಲು ಬ್ಯಾಟರಿಯ ಸಂಪರ್ಕ ಬಿಡಿಸಬೇಕು. ಬಳಿಕ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಬೋರ್ಡನ್ನು ಮೃದು ಬ್ರಶ್ಶಿನಲ್ಲಿ ತೊಳೆದು, ಫ್ಯಾನಿನ ಗಾಳಿಯಲ್ಲಿ ಎರಡು ದಿನ ಒಣಗಿಸಬೇಕು. ಆಲ್ಕೊಹಾಲ್ ಬಳಸುವಾಗ ಕಿಟಕಿ ತೆರೆದಿರಲಿ, ಹತ್ತಿರ ದೀಪ, ಊದುಬತ್ತಿ ಇರದಿರಲಿ. ಅಕ್ಕಿಯ ಡಬ್ಬಿಯಲ್ಲಿ ಹುಗಿದಿಟ್ಟರೆ ಬೋರ್ಡಿನ ಮೇಲಿನ ಕೊಳೆ ಹೋಗುವುದಿಲ್ಲ, ಅಕ್ಕಿಯ ಹುಡಿ ಮಾತ್ರ ತೂತುಗಳಲ್ಲಿ ಸೇರಿಕೊಳ್ಳುತ್ತದೆ. ಹೇರ್ ಡ್ರೈಯರಿನ ಬಿಸಿಗಾಳಿ ಬ್ಯಾಟರಿಗೆ ಒಳ್ಳೆಯದಲ್ಲ.

ಹೊದಿಕೆ ಬಿಚ್ಚಲೇಬೇಕಾದರೆ

ಉಂಗುರ, ಬಳೆ ತೆಗೆದಿಟ್ಟು, ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ, ಪ್ಲೇಯರ್ ಆರಿರುವಾಗ ಕೆಲಸ ಆರಂಭಿಸಬೇಕು. ಸಂದಿನಲ್ಲಿ ಲೋಹದ ಚಾಕು ತೂರಿಸಿದರೆ ಬ್ಯಾಟರಿಗೆ ತಾಗಬಹುದು. ಪ್ಲಾಸ್ಟಿಕ್ಕಿನ ಮೀಟು ಅಥವಾ ಗಿಟಾರ್ ನುಡಿಸುವ ಬಿಲ್ಲೆ ಸಾಕು. ಚಕ್ರದ ಹಲವು ಐಪಾಡುಗಳಲ್ಲಿ ಜ್ಯಾಕ್, ಹೋಲ್ಡ್ ಸ್ವಿಚ್ಚು ಮತ್ತು ಬ್ಯಾಟರಿ ಹಿಂಬದಿಯ ಹೊದಿಕೆಗೇ ಅಂಟಿಕೊಂಡಿದ್ದು, ಗಿಡ್ಡ ರಿಬ್ಬನ್ ತಂತಿಗಳಿಂದ ಮುಂಭಾಗಕ್ಕೆ ಜೋಡಿಸಲ್ಪಟ್ಟಿರುತ್ತವೆ. ಎರಡೂ ಭಾಗಗಳನ್ನು ಒಮ್ಮೆಲೇ ಎಳೆದರೆ ಅವು ಹರಿಯುತ್ತವೆ. ಪುಸ್ತಕದ ಹಾಳೆ ತಿರುಗಿಸುವಂತೆ ಒಂದು ಬದಿಗೆ ಮಾತ್ರ ಸ್ವಲ್ಪ ತೆರೆದು, ಬ್ಯಾಟರಿಯ ರಿಬ್ಬನ್ನಿನ ಕಂದು ಬಣ್ಣದ ಬೀಗವನ್ನು ಎತ್ತಿ, ಅದನ್ನು ಮೊದಲು ಬಿಡಿಸಿಕೊಂಡು ಮುಂದುವರಿಯಬೇಕು. ಪ್ರತಿ ಹಂತದಲ್ಲಿ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರೆ ಮರಳಿ ಜೋಡಿಸುವಾಗ ಗೊಂದಲವಾಗುವುದಿಲ್ಲ.

ಬ್ಯಾಟರಿಯ ತಂತಿಯನ್ನು ಬೋರ್ಡಿಗೇ ಬೆಸೆದಿರುವ ಚಿಕ್ಕ ಪ್ಲೇಯರುಗಳಲ್ಲಿ, ಬೆಸುಗೆಯ ಅಭ್ಯಾಸವಿಲ್ಲದವರು ಇಲ್ಲಿಗೆ ನಿಲ್ಲಿಸುವುದು ಕ್ಷೇಮ.

ಅಂಗಡಿಗೆ ಕೊಡುವಾಗ

ಮುಂಬಯಿಯಲ್ಲಿ ಗ್ರಾಂಟ್ ರೋಡ್ ಸ್ಟೇಷನ್ನಿನ ಬಳಿಯ ಲ್ಯಾಮಿಂಗ್ಟನ್ ರೋಡ್, ಪುಣೆಯಲ್ಲಿ ಬುಧವಾರ ಪೇಠೆಯ ಪಾಸೋಡ್ಯಾ ವಿಠೋಬಾ ದೇವಸ್ಥಾನದ ಸುತ್ತಲಿನ ಅಂಗಡಿಗಳು ಎಲೆಕ್ಟ್ರಾನಿಕ್ ಭಾಗಗಳಿಗೆ ಹೆಸರಾದವು. ಹೋಗುವ ಮೊದಲು ಪ್ಲೇಯರಿನ ಮಾದರಿ, ಸಾಮರ್ಥ್ಯ, ಮಾಡಿ ಮುಗಿಸಿದ ಪರೀಕ್ಷೆಗಳು, ಕಂಡ ಲಕ್ಷಣ, ಇವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ‘ಚಾರ್ಜರ್ ಇದ್ದಾಗ ಗಂಟೆಗಟ್ಟಲೆ ನಡೆಯುತ್ತದೆ, ಇಲ್ಲದಿದ್ದರೆ ಡಿಸ್ಕ್ ಎದ್ದಾಗ ಆರುತ್ತದೆ’ ಎಂದು ಹೇಳಬಲ್ಲ ಗಿರಾಕಿಗೆ ಬೇಡದ ಭಾಗವನ್ನು ಮಾರುವುದು ಕಷ್ಟ. ಒಳಗಿನ ಧ್ವನಿಮುದ್ರಣಗಳನ್ನು ಅಳಿಸಬಾರದೆಂದು ಮರಾಠಿಯಲ್ಲೋ ಹಿಂದಿಯಲ್ಲೋ ಬಾಯಲ್ಲಿ ಹೇಳಿದರೆ ಸಾಲದು, ರಸೀದಿಯ ಮೇಲೆಯೇ ಬರೆಸಿಕೊಳ್ಳಿ. ಬದಲಿಸಿದ ಹಳೆಯ ಡಿಸ್ಕನ್ನು ತಪ್ಪದೆ ವಾಪಸ್ ಕೇಳಿ ಪಡೆಯಿರಿ. ಹೊಸ ಬ್ಯಾಟರಿ ಹಾಕಿಸಿಕೊಂಡು ಬಂದ ಮೊದಲ ಎರಡು ಸಲ, ನೀವು ಎಚ್ಚರವಿರುವ ಹೊತ್ತಿನಲ್ಲಿ, ಕಣ್ಣೆದುರೇ ಇಟ್ಟುಕೊಂಡು ಚಾರ್ಜ್ ಮಾಡಿ.